ಗುರುಗಳ ಅರ್ಜಿಗೆ ಹಲ್ಲಿನ ಡಾಕ್ಟರ ಪತ್ರ

ಕುರುಬರಹಳ್ಳಿಯಲ್ಲಿ ನನ್ನ ಹಲ್ಲಿನ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಧ್ಯಾನ ಕಲಿಸುತ್ತಿದ್ದ ಗುರುಗಳಿಗೆ ನ್ಯೂಜಿಲೆಂಡಿನಲ್ಲಿ ನೆಲೆಸುವ ಆಸೆ. ಅಲ್ಲಿ ಅವರ ತರಗತಿಗಾಗಿ ಜನ ಕಾದಿದ್ದರು. ಆದರೆ ಶಿಷ್ಯನಲ್ಲದ ಒಬ್ಬ ವೃತ್ತಿಪರನ ಪತ್ರವಿಲ್ಲದೆ ಕಾಯಂ ವಾಸದ ಅರ್ಜಿ ನಿಲ್ಲುವುದಿಲ್ಲ ಎಂದು ವಕೀಲರು ಹೇಳಿದ್ದರಂತೆ. ಆತ್ಮ ಎಂಬುದು ಇದೆಯೇ ಎಂದು ಮೂರು ವರ್ಷದಿಂದ ಅವರೊಡನೆ ಜಗಳಕ್ಕಿಳಿದಿದ್ದ ನಾನೇ ಅದಕ್ಕೆ ಸರಿಯಾದ ಆಳು.

"ಗುರುಗಳು ಮುಟ್ಟಿದ್ರೆ ಹಲ್ಲುನೋವು ಹೋಗುತ್ತೆ ಅಂತ ಬರೀರಿ ಡಾಕ್ಟ್ರೇ," ಎಂದರು ಅರ್ಜಿ ನೋಡಿಕೊಳ್ಳುತ್ತಿದ್ದ ಶಿಷ್ಯೆ.

"ಹಾಗಿದ್ರೆ ನಾನು ಅಂಗಡಿ ಮುಚ್ಚಬೇಕಾಗುತ್ತೆ ಆಂಟಿ. ಸುಳ್ಳಿಗೆ ನಾನು ಸೈನ್ ಹಾಕಲ್ಲ."

ಪತ್ರದಲ್ಲಿ ಕಂಡದ್ದನ್ನಷ್ಟೇ ಬರೆದೆ: "ನನಗೆ ದೇವರಲ್ಲಿ ನಂಬಿಕೆಯಿಲ್ಲ. ಹಲ್ಲುನೋವಿಗೆ ವಿಭೂತಿ ಕೇಳಿಕೊಂಡು ಬಂದವರನ್ನು ಇವರು ಕೆಳಗೆ ನನ್ನ ಬಳಿಗೇ ಕಳಿಸುತ್ತಾರೆ. ನಾನು ಎಷ್ಟು ಕೆಣಕಿದರೂ ಒಮ್ಮೆಯೂ ಸಿಟ್ಟಾಗಿಲ್ಲ."

ಗುರುಗಳು ಕನ್ನಡಕ ಏರಿಸಿ ಓದಿದರು. "ಹೋದ ತಿಂಗಳು 'ಎದ್ದು ಹೋಗಯ್ಯ ಆಚೆ' ಅಂತ ನಾನೇ ನಿಮ್ಮ ಮೇಲೆ ಕಿರುಚಿದ್ನಲ್ಲ ಡಾಕ್ಟ್ರೇ? ಇದನ್ನ ತಿದ್ದಿಬಿಡಿ."

"ಅಯ್ಯೋ, ಅರ್ಜಿ ವಾಪಸ್ ಬಂದ್ರೆ?" ಎಂದರು ಆಂಟಿ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವನು ನಾನು. ಒಂದು ಸಲದ ಸಿಟ್ಟು ಲೆಕ್ಕಕ್ಕಿಲ್ಲ, ಓದುವವರಿಗೆ ಅದು ಬೇಕಾಗಿಯೂ ಇಲ್ಲ, ತಪ್ಪು ನನ್ನದೇ ಇತ್ತು ಎಂದೆಲ್ಲ ಹತ್ತು ನಿಮಿಷ ವಾದಿಸಿದೆ. ಅದೂ ಒಂದು ಸುಳ್ಳನ್ನು ಉಳಿಸಿಕೊಳ್ಳಲು!

"ಒಂದು ಸಲ ಅಂತ ಹಾಕಿ, ಸಾಕು," ಎಂದರು ಗುರುಗಳು.

"ಒಂದು ಸಲ ಸಿಟ್ಟಾಗಿದ್ದಾರೆ, ಅದಕ್ಕೆ ಕಾರಣ ನಾನು" ಎಂದು ತಿದ್ದಿ, ಸಹಿ ಹಾಕಿ, ಕ್ಲಿನಿಕ್ಕಿನ ಸೀಲು ಒತ್ತಿದೆ.