ಎಡ್ವಿನ್ ಕುಬೆನಾನ ಸಾಕ್ಷಿಗೆರೆ

ಎಡ್ವಿನ್ ಕುಬೆನಾನ ಬಂದೂಕು ರಿಪೇರಿ ಅಂಗಡಿಗೂ ನನ್ನ ಬೇಕರಿಗೂ ನಡುವೆ ಇರುವುದು ಒಂದೇ ಗೋಡೆ. ಮೂವತ್ತು ವರ್ಷದಿಂದ ಅವನ ಅರದ ಸದ್ದು ಕೇಳುತ್ತಲೇ ಹಿಟ್ಟು ನಾದಿದ್ದೇನೆ. ಅವನಿಗೆ ಮದುವೆಯಾಗಲಿಲ್ಲ. ಸೈನ್ಯದಲ್ಲಿ ಕಲಿತ ಈ ಕೆಲಸ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಬಾಯಿ ಮಾತ್ರ ದೊಡ್ಡದು. ಭಾನುವಾರ ಚರ್ಚ್ ಮುಗಿಸಿ ಇಸ್ಪೀಟಿಗೆ ಕೂತರೆ ತನ್ನ ಕೈಚಳಕದ ಹೊಗಳಿಕೆಯೇ. ಬಾಲ್ಯದ ಗೆಳೆಯ ಲಿಯಾನ್ ಮರಾಕ್ ಎದುರಿಗೆ ಕೂತು, "ನಿನ್ನ ತುತ್ತೂರಿ ಆಮೇಲೆ ಊದ್ಕೋ, ಮೊದ್ಲು ಎಲೆ ಹಾಕು" ಎನ್ನುತ್ತಿದ್ದ.

ಜಂಬಕ್ಕೆ ಕಾರಣವೂ ಇತ್ತು. ನಮ್ಮ ಲವಾಕಾ ಹೊಳೆಯ ಸುತ್ತ ಕಾಡುಹಂದಿ ಕಾಟ. ಮನೆಗೊಂದು ಸೆಮಿ ಆಟೊಮ್ಯಾಟಿಕ್ ರೈಫಲ್. ಅದರ ನಳಿಗೆಯಲ್ಲಿ ಸಾಸಿವೆ ಗಾತ್ರದ ಒಂದು ತೂತಿರುತ್ತದೆ, ಅದರ ಮೇಲೆ ಉಂಗುರದಂತೆ ಗ್ಯಾಸ್ ಬ್ಲಾಕ್ ಕೂರುತ್ತದೆ. ಗುಂಡಿನ ಹಿಂದಿನ ಹೊಗೆ ಆ ತೂತಿನಿಂದ ನುಗ್ಗಿ ಮುಂದಿನ ಗುಂಡನ್ನು ಏರಿಸಬೇಕು. ಬ್ಲಾಕಿನ ತೂತು ಕೂದಲೆಳೆಯಷ್ಟು ಸೊಟ್ಟ ಕೂತರೂ ರೈಫಲ್ ಒಂದೇ ಸಲ ಹಾರಿ ಸುಮ್ಮನಾಗಿಬಿಡುತ್ತದೆ. ಎಡ್ವಿನ್ ಬ್ಲಾಕ್ ಕೂರಿಸಿದ ಮೇಲೆ ಬ್ಲಾಕ್, ನಳಿಗೆ ಎರಡಕ್ಕೂ ಸೇರುವಂತೆ ಸೂಜಿಯಿಂದ ಒಂದು ಗೆರೆ ಗೀರುತ್ತಿದ್ದ. ಸಾಕ್ಷಿಗೆರೆ ಅನ್ನುತ್ತಿದ್ದ ಅದಕ್ಕೆ.

"ಗೆರೆ ಮುರಿದಿದ್ರೆ ನೀವು ಎಲ್ಲೋ ಕುಟ್ಟಿದೀರಿ, ತಪ್ಪು ನಿಮ್ದು. ಗೆರೆ ಕೂಡಿದ್ರೆ ಕೂರಿಸಿದ್ದೇ ಸೊಟ್ಟ, ತಪ್ಪು ನಂದು." ಈ ಮಾತು ಊರಿಗೆಲ್ಲ ಬಾಯಿಪಾಠ.

ಆರು ವರ್ಷದ ಹಿಂದಿನ ನವೆಂಬರ್‌ನಲ್ಲಿ ಲಿಯಾನ್ ಜೋಳದ ಹೊಲದಲ್ಲಿ ಹಂದಿಗೆ ಒಂದು ಗುಂಡು ಹೊಡೆದ. ಗಾಯಗೊಂಡ ಹಂದಿ ತಿರುಗಿಬಿತ್ತು. ಎರಡನೆಯ ಗುಂಡು ಹಾರಲಿಲ್ಲ. ಕೋರೆಹಲ್ಲು ತೊಡೆ ಸೀಳಿ, ಜನ ಬರುವಷ್ಟರಲ್ಲಿ ರಕ್ತವೆಲ್ಲ ಹೋಗಿತ್ತು. ಎರಡು ದಿನದ ಹಿಂದಷ್ಟೇ ಎಡ್ವಿನ್ ಆ ರೈಫಲ್ಲಿಗೆ ಹೊಸ ಬ್ಲಾಕ್ ಹಾಕಿದ್ದ. ಚರ್ಚಿನ ಊಟಕ್ಕೆ ಹೊತ್ತಾಯಿತೆಂದು ಹಾರಿಸಿ ನೋಡದೆ ಕೊಟ್ಟಿದ್ದ. ಗೋಡೆ ಗುದ್ದಿ "ಬೇಗ ಬಾರೋ, ಊಟ ಆರಿಹೋಗತ್ತೆ" ಎಂದು ಅವಸರ ಮಾಡಿದವಳು ನಾನೇ. ಅದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಪೊಲೀಸರು ರೈಫಲ್ಲನ್ನು ಲಿಯಾನ್‌ನ ಹೆಂಡತಿ ವ್ಲಾಸ್ತಾಳಿಗೆ ಹಿಂತಿರುಗಿಸಿದರು. ಅವಳು ಅದನ್ನು ಬೀರುವಿನಲ್ಲಿಟ್ಟಳು. ಎಡ್ವಿನ್ ಮಣ್ಣಿಗೆ ಬಂದವನು ಮತ್ತೆ ಆ ಮನೆ ಮೆಟ್ಟಿಲು ಹತ್ತಲಿಲ್ಲ. ಗೆರೆ ಕೂಡಿದೆಯೋ ಮುರಿದಿದೆಯೋ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

ಅಂದಿನಿಂದ ಹೊಲಗಳ ಕಡೆ ಎಲ್ಲಿ ಗುಂಡು ಹಾರಿದರೂ ಗೋಡೆಯಾಚೆ ಅರ ನಿಲ್ಲುತ್ತಿತ್ತು. ಎರಡನೆಯದಕ್ಕೆ ಕಾಯುತ್ತಿದ್ದ. ಬಂದರೆ ಅರ ಮತ್ತೆ ಆಡುತ್ತಿತ್ತು. ಬಾರದ ದಿನ ನಾನು ಕಾಫಿ ಒಯ್ದರೆ ಅವನು ಮುಟ್ಟದೆ ಅದು ತಣ್ಣಗಾಗುತ್ತಿತ್ತು. ಒಂದು ಬೆಳಗ್ಗೆ, "ಲಿಬ್ಬಿ, ಆಗ್ಲೇ ಒಂದು ಹಾರ್ತಲ್ಲ, ಇನ್ನೊಂದು ಕೇಳಿಸ್ತಾ ನಿಂಗೆ?" ಎಂದು ಕೇಳಿದ. ಆವತ್ತು ಎಲ್ಲೂ ಗುಂಡೇ ಹಾರಿರಲಿಲ್ಲ.

ಈ ಮಾರ್ಚಿನಲ್ಲಿ ವ್ಲಾಸ್ತಾ ತಾನಾಗಿಯೇ ರೈಫಲ್ ಹಿಡಿದು ಬಂದಳು.

"ಈ ರೈಫಲ್ ನಮ್ಮಣ್ಣ ಕೇಳ್ತಿದಾನೆ. ಒಂದೇ ಹಾರತ್ತೆ. ನೋಡಿಡು, ನಾಲ್ಕಕ್ಕೆ ಬರ್ತೀನಿ" ಎಂದು ಮೇಜಿನ ಮೇಲಿಟ್ಟು ಹೋದಳು.

ಮಧ್ಯಾಹ್ನ ನಾನು ಗಸಗಸೆ ತುಂಬಿದ ಕೊಲಾಚೆ ಬನ್ನು ಒಯ್ದಾಗ ಎಡ್ವಿನ್ ನಳಿಗೆಯ ಮೇಲಿನ ಕವಚ ಬಿಚ್ಚಿ ಕೂತಿದ್ದ. ಬಗ್ಗಿ ನೋಡಿದೆ. ಗೆರೆ ಬ್ಲಾಕಿನಿಂದ ನಳಿಗೆಗೆ ಒಂದೇ ಓಟದಲ್ಲಿ ಹೋಗಿತ್ತು, ಎಲ್ಲೂ ಮುರಿದಿರಲಿಲ್ಲ. ಅವನ ಬಲಗೈಯಲ್ಲಿ ಹಿತ್ತಾಳೆಯ ಪುಟ್ಟ ಸುತ್ತಿಗೆ ಇತ್ತು.

"ಒಂದೇಟು ಹಾಕ್ಬಿಡು" ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ. "ಗೆರೆ ಮುರಿಯತ್ತೆ. ಯಾರಿಗೆ ಗೊತ್ತಾಗ್ಬೇಕು?"

"ಅದನ್ನೇ ಒಂದು ಗಂಟೆಯಿಂದ ಯೋಚಿಸ್ತಿದೀನಿ."

"ಹೋದವನು ಬರಲ್ಲ ಎಡ್ವಿನ್. ಇರೋರಾದ್ರೂ ನೆಮ್ಮದಿಯಾಗಿರ್ಲಿ."

ನಾನು ಹೇಳಿದ್ದು ನನ್ನ ನೆಮ್ಮದಿಯ ಮಾತು. ಅವನಿಗೆ ಅದು ಗೊತ್ತಾಯಿತೇನೋ, ನನ್ನ ಮುಖವನ್ನೇ ನೋಡಿದ. ಆದರೆ ಸುತ್ತಿಗೆ ಕೆಳಗಿಡಲಿಲ್ಲ.

ವ್ಲಾಸ್ತಾ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಕೂರಲಿಲ್ಲ. "ಗೆರೆ ಏನನ್ನತ್ತೆ?" ಎಂದಳು.

ಎಡ್ವಿನ್ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ.

"ಕೂಡಿದೆ" ಎಂದ. "ತಪ್ಪು ನಂದೇ. ಆವತ್ತು ಹಾರಿಸಿ ನೋಡ್ಲಿಲ್ಲ."

"ಗೊತ್ತು. ರೈಫಲ್ ಮನೆಗೆ ಬಂದ ದಿನಾನೇ ಕವಚದ ಸಂದಿಗೆ ಟಾರ್ಚ್ ಬಿಟ್ಟು ನೋಡಿದ್ದೆ. ನೀನೇ ಬಂದು ಹೇಳ್ತೀಯ ಅಂತ ಆರು ವರ್ಷ ಬಾಗಿಲು ನೋಡ್ದೆ. ಇವತ್ತು ಮುರಿದಿದೆ ಅಂದಿದ್ರೆ ನಿನ್ನ ಮುಖ ನೋಡ್ತಿರ್ಲಿಲ್ಲ."

ನಾನು ಗೋಡೆಗೊರಗಿ ನಿಂತೆ. ನನ್ನ ಪಾಲಿನದನ್ನು ಹೇಳಲು ಬಾಯಿ ತೆರೆದವಳು ಕೊಲಾಚೆ ತಟ್ಟೆಯನ್ನು ಅತ್ತ ಸರಿಸಿದೆ.

"ಈಗ ಸರಿ ಮಾಡು" ಎಂದಳು ವ್ಲಾಸ್ತಾ.

ಅವನು ಬ್ಲಾಕ್ ಕಳಚಿದ. ತೂತಿನ ಸುತ್ತಲಿನ ಮಸಿ ಒಂದು ಪಕ್ಕಕ್ಕೆ ಸರಿದಿತ್ತು, ಎಳ್ಳಿನಷ್ಟು. ಒರೆಸಿ, ತೂತಿಗೆ ತೂತು ಕೂಡಿಸಿ, ಬಿಗಿದು, ಹಳೆಯ ಗೆರೆಯ ಪಕ್ಕದಲ್ಲಿ ಹೊಸ ಗೆರೆ ಗೀರಿದ. ಅಷ್ಟಕ್ಕೆ ಹಿಡಿದದ್ದು ಅರ್ಧ ಗಂಟೆ.

ಹಿತ್ತಲ ಮಣ್ಣುದಿಬ್ಬದ ಎದುರು ನಿಂತು ಮೊದಲ ಗುಂಡು ಹಾರಿಸಿದ. ಆಮೇಲೆ ಬೆರಳು ಆಡಲೇ ಇಲ್ಲ. ಕಾಯುತ್ತ ನಿಂತುಬಿಟ್ಟ, ಅಂಗಡಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ.

"ಇನ್ನೊಂದು ಹೊಡಿ, ಎಡ್ವಿನ್" ಎಂದಳು ವ್ಲಾಸ್ತಾ.

ಬಂದೂಕಿನ ಕುದುರೆ ಎಳೆದ. ಎರಡನೆಯದು ಹಾರಿತು.

ವ್ಲಾಸ್ತಾ ಹಿತ್ತಲ ಮೆಟ್ಟಿಲ ಮೇಲೆ ಕೂತಳು. "ಇಷ್ಟೇ" ಎಂದಳು. "ಆವತ್ತು ಇಷ್ಟೇ ಬೇಕಿತ್ತು ಲಿಯಾನ್‌ಗೆ."