ಅರ್ಧಕ್ಕೆ ನಿಂತ ಜಗಳ

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಧಾರವಾಡದಲ್ಲಿ ಬಿ.ಎ. ಮುಗಿಸಿ ಊರಿಗೆ ಮರಳಿದಾಗ ನನಗೆ ಮನಶ್ಶಾಸ್ತ್ರದ ಪೇಪರು ಪಾಸಾದ ಸೊಕ್ಕಿತ್ತು. ಮನುಷ್ಯ ಯಾತಕ್ಕಾಗಿ ದುಡಿಯುತ್ತಾನೆ ಎಂಬುದು ಬಾಯಿಪಾಠವಾಗಿತ್ತು. ಮೊರಬದ ದಾರಿಯಲ್ಲಿದ್ದ ನಮ್ಮ ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಹತ್ತಿ ಒಡೆದು ನಿಂತಿತ್ತು. ಗಾಳಿ ಬೀಸಿದರೆ ಅಷ್ಟೂ ನೆಲದ ಪಾಲು. ಬಿಡಿಸುವ ಹೆಣ್ಣಾಳುಗಳು ಮಾತ್ರ ದಿನಾ ಬಾಜು ಹೊಲಕ್ಕೇ ಹೋಗುತ್ತಿದ್ದರು. ಕೂಲಿ ಎರಡೂ ಕಡೆ ಒಂದೇ.

ಅಪ್ಪ ಕರೆದು ಹೇಳಿದ: "ಈ ವಾರದಾಗ ಹತ್ತಿ ಮನಿ ಸೇರಲಿಲ್ಲಂದ್ರ ನಿನ್ನ ಕೈಯಾಗ ಹೊಲ ಕೊಡೂದು ಮುಗೀತು ನೋಡು."

ಕಾಡಿ ಬೇಡಿ ಒಂದು ದಿನ ಅವರನ್ನು ಕರೆತಂದೆ. ಪುಸ್ತಕದಲ್ಲಿ ಹೇಳಿದ ಹಾಗೆ ಹೊಗಳಿಕೆಯಿಂದ ಶುರುಮಾಡಿದೆ. ನಿಮ್ಮ ಕೈ ಎಷ್ಟು ಚುರುಕು ಎಂದೆ. ಗುಂಪಿನ ಹಿರಿಯಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ಯಾಕ್ರಿ ಸಣ್ಣ ಸಾವಕಾರ್ರ, ಕೂಲಿ ಕಡಿಮಿ ಮಾಡಾವ್ರ ಅದೀರೇನು?" ಮಧ್ಯಾಹ್ನ ತಿನ್ನಲು ಚುನಮರಿ, ಮಿರ್ಚಿ ಭಜಿ ತರಿಸಿದೆ. ಮಿರ್ಚಿ ತಿಂದರು, ಚಲೋ ಅದಾವ್ರಿ ಅಂದರು, ಮರುದಿನ ಬಾಜು ಹೊಲಕ್ಕೆ ಹೋದರು.

ಸಂಜೆ ಹಿರಿಯಳ ಮನೆಗೇ ಹೋಗಿ ಕೇಳಿದೆ. ಆಕೆ ಮುಚ್ಚುಮರೆ ಮಾಡಲಿಲ್ಲ.

"ಆ ಹೊಲದಾಗ ಅಣ್ತಮ್ಮರ ಹೆಂಡರು, ನೆಗೆಣ್ಣಿ ಇಬ್ಬರೂ ಬುತ್ತಿ ತಂದು ಜಾಲಿಗಿಡದ ಬುಡಕ ದಿನಾ ಜಗಳಾಡ್ತಾರ್ರಿ. ಇವತ್ತ ಅರ್ಧಕ್ಕ ನಿಂತೈತಿ. ಸಣ್ಣಾಕಿ ತವರಮನಿಗೆ ಹೋಗ್ತೀನಂದಾಳ. ಹೋದಳೋ ಇಲ್ಲೋ ನೋಡಬೇಕಲ್ರಿ. ನಿಮ್ಮ ಹೊಲದಾಗ ಏನೈತ್ರಿ, ಬರೇ ಹತ್ತಿ."

ನನ್ನ ಪೇಪರಿನಲ್ಲಿ ಇದು ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಏರುದನಿಯೇ ಇರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಮದುವೆಯಾಗಿ ಬಂದು ಹನ್ನೊಂದು ವರ್ಷ, ಒಂದು ಎದುರುಮಾತಿಲ್ಲ ಎಂದು ಅವ್ವ ಓಣಿಯಲ್ಲೆಲ್ಲ ಜಂಬ ಕೊಚ್ಚುತ್ತಿದ್ದಳು. ಆದರೂ ಅಡುಗೆಮನೆಗೆ ಹೋಗಿ ಕೇಳಿದೆ: "ವೈನಿ, ನಾಳೆ ಹೊಲದಾಗ ಅವ್ವನ ಕೂಡ ಒಂಚೂರು ಜಗಳಾಡ್ರಿ."

ವೈನಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. "ಯಾತರ ಮ್ಯಾಲ?"

"ಉಪ್ಪಿನ ಮ್ಯಾಲರ ಆಡ್ರಿ."

ಹತ್ತಿ ಉಳಿಯುತ್ತದೆಂದು ಅವ್ವನೂ ಒಪ್ಪಿದಳು. ಹೊಸ ಜಗಳವಿದೆ ಎಂದು ಹಿರಿಯಳಿಗೆ ಸುದ್ದಿ ಮುಟ್ಟಿಸಿದೆ. ಮರುದಿನ ಗುಂಪಿಗೆ ಗುಂಪೇ ನಮ್ಮ ಹೊಲದಲ್ಲಿತ್ತು.

ಊಟದ ಹೊತ್ತಿಗೆ ಅವ್ವ ನಾನು ಕಲಿಸಿದ್ದನ್ನು ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದಳು: "ಪಲ್ಯಾಕ ಉಪ್ಪು ಹಾಕೀಯೋ ಇಲ್ಲೋ?" ಹೆಂಗಸರು ಮುಸಿಮುಸಿ ನಕ್ಕರು. ಕೆಲಸ ಕೆಟ್ಟಿತು ಅಂದುಕೊಂಡೆ.

ವೈನಿ ಬುಟ್ಟಿ ಕೆಳಗಿಟ್ಟರು.

"ಹಾಕೇನ್ರಿ. ಹನ್ನೊಂದು ವರ್ಷ ಹಾಕೇನಿ. ಒಂದು ದಿನರ ಪಲ್ಯ ಚಲೋ ಆಗೈತಿ ಅಂದೀರೇನ್ರಿ?" ದನಿ ಏರಿರಲಿಲ್ಲ. "ನಸಿಕಿನ್ಯಾಗ ಎದ್ದು ರೊಟ್ಟಿ ಬಡೀತೀನಿ, ಎಲ್ಲಾರಿಗೂ ಬುತ್ತಿ ಕಟ್ಟತೀನಿ. ನೀ ಉಂಡೀ ಏನಬೇ ಅಂತ ಯಾರರ ಕೇಳೀರೇನ್ರಿ?"

ಅವ್ವ ನನ್ನ ಕಡೆ ನೋಡಿದಳು. ಇದನ್ನು ನಾನು ಕಲಿಸಿರಲಿಲ್ಲ. ಹೆಂಗಸರ ನಗು ನಿಂತಿತು. ಹಿರಿಯಳು ತನ್ನ ಬುತ್ತಿ ಬಿಚ್ಚಿ, ವೈನಿಯ ಕೈಗೆ ಒಂದು ರೊಟ್ಟಿ ಕೊಟ್ಟಳು. ವೈನಿ ಅಲ್ಲೇ ಅವರ ಸಾಲಿನಲ್ಲಿ ಕೂತು ಉಂಡರು. ನನಗೆ ಅಗದಿ ನಾಚಿಕೆಯಾಯಿತು. ಊರ ಹೆಂಗಸರ ಬೆರಳು ಹೊಗಳಿದವನು, ಮಿರ್ಚಿ ತಂದವನು ನಾನು. ಮನೆಯಲ್ಲಿ ದಿನಾ ತಾಟಿನ ಮುಂದೆ ಕೂತು ಒಂದು ಮಾತೂ ಆಡಿರಲಿಲ್ಲ.

ಮರುದಿನ ಹೆಣ್ಣಾಳುಗಳು ಯಾರೂ ಕರೆಯದೆ ಇನ್ನೂ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದರು. ಬುತ್ತಿ ಹೊತ್ತು ತಂದವಳು ಅವ್ವ ಒಬ್ಬಳೇ. "ವೈನ್ಯಾರು ಎಲ್ಲಿರಿ?" ಎಂದು ಹಿರಿಯಳು ಕೇಳಿದಳು.

"ಮನ್ಯಾಗ ಉಣ್ಣಾಕ ಹತ್ಯಾಳ," ಅಂದಳು ಅವ್ವ, ಯಾರ ಮುಖವನ್ನೂ ನೋಡದೆ. ಅಂದಿನ ರೊಟ್ಟಿ ಅವ್ವನದು. ದಪ್ಪಗಿತ್ತು, ಅಂಚು ಸೀದಿತ್ತು. ಎಲ್ಲರೂ ಚೂರೂ ಬಿಡದೆ ತಿಂದೆವು.

ವಾರ ತುಂಬುವುದರೊಳಗೆ ಹತ್ತಿ ಮನೆ ಸೇರಿತು. ಆಳು ದುಡಿಸುವ ಮರ್ಮ ಇವನಿಗೆ ತಿಳಿದಿದೆ ಎಂದು ಅಪ್ಪ ಕಟ್ಟೆಯ ಮೇಲೆ ಕೂತು ನಾಲ್ಕು ಜನಕ್ಕೆ ಹೇಳಿದ. ಅಂದು ಊಟಕ್ಕೆ ಕೂತಾಗ ಧೈರ್ಯ ಮಾಡಿ ಅಂದೆ: "ವೈನಿ, ಪಲ್ಯ ಚಲೋ ಆಗೈತ್ರಿ."

ವೈನಿ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ಯಾಕ, ನಾಳೆ ಮತ್ತ ಜಗಳ ಬೇಕಾಗೈತೇನು?"

ಪಲ್ಯ ನಿಜಕ್ಕೂ ಚಲೋ ಆಗಿತ್ತು. ಅವರು ನಂಬುವ ಹಾಗೆ ಅದನ್ನು ಹೇಳುವುದು ಮಾತ್ರ ನನಗೆ ತಿಳಿಯಲಿಲ್ಲ.