ಮೊಯ್ದಿನಾಕರ ಗಾಡಿಯ ಮದ್ದು

ನಮ್ಮ ಆಫೀಸಿನ ಕಂಪ್ಯೂಟರನ್ನು ನಂಬಿದರೆ, ಕೊಲ್ಲಿ ನಾಡಿನ ಈ ಇಡೀ ಶರ್ಕ್ ಪೇಟೆಯಲ್ಲಿ ಮೊಯ್ದೀನ್ ಕುಂಞಿಯವರಷ್ಟು ಕಾಯಿಲೆಯ ಮನುಷ್ಯ ಇನ್ನೊಬ್ಬರಿಲ್ಲ. ಮಂಡಿನೋವು, ನೆಗಡಿ, ಹಲ್ಲುನೋವು, ತುರಿಕೆ, ಎದೆಯುರಿ, ಸಾಲದ್ದಕ್ಕೆ ಹಸುಳೆಗಳಿಗೆ ಬರುವ ಹೊಟ್ಟೆಯುಬ್ಬರ. ಕಣ್ಣಾರೆ ನೋಡಿದರೆ ಕಲ್ಲು ತಿಂದು ಕರಗಿಸುವ ಆಸಾಮಿ. ಲಿಫ್ಟ್ ಕೆಟ್ಟ ದಿನ ಫೈಲುಗಳ ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿಬಂದು, ಏದುಸಿರು ಬಿಡುತ್ತಿದ್ದ ನನಗೇ ನೀರು ತಂದುಕೊಟ್ಟವರು.

ನಾನು ವೆಲಿಟಾ, ಆ ಆಫೀಸಿನ ಕಾರ್ಯದರ್ಶಿ. ಅವರು ಉಪ್ಪಿನಂಗಡಿಯವರು, ಕಂಪನಿಯ ಡ್ರೈವರ್. ನಮ್ಮೂರ ಕಡೆ ಹಿರಿಯ ಬ್ಯಾರಿಗಳನ್ನು ಕರೆಯುವ ಹಾಗೆ ನನಗೆ ಅವರು ಮೊಯ್ದಿನಾಕ; ಕೊಂಕಣಿ ಕ್ರಿಸ್ತುವ ಹೆಂಗಸರನ್ನು ಕರೆಯುವ ಹಾಗೆ ಅವರಿಗೆ ನಾನು ಬಾಯಿ.

ಕಾಯಿಲೆಗಳೆಲ್ಲ ಅವರಿಗೆ ಬಂದದ್ದು ಒಂದು ಕಾರ್ಡಿನಿಂದ. ಡಾಕ್ಟರ ಚೀಟಿ ಇಲ್ಲದೆ ಸಿಗುವ ಮದ್ದುಗಳನ್ನು ಕೊಳ್ಳಲೆಂದು ನಮ್ಮ ಕಂಪನಿ ಪ್ರತಿಯೊಬ್ಬರಿಗೂ ಒಂದು ಕಾರ್ಡ್ ಕೊಡುತ್ತದೆ. ಅದಕ್ಕೆ ವರ್ಷಕ್ಕಿಷ್ಟು ಎಂದು ಹಣ ತುಂಬುತ್ತದೆ. ಕೊಂಡದ್ದೆಲ್ಲ ಅವರವರ ಹೆಸರಿನಲ್ಲಿ ಆಫೀಸಿನ ಕಂಪ್ಯೂಟರಿಗೆ ಏರುತ್ತದೆ. ಬಳಸದೆ ಉಳಿದರೆ ಡಿಸೆಂಬರಿಗೆ ಖಲಾಸ್. ಊರಿಗೆ ಹೋಗುವಾಗಲೆಲ್ಲ ಅರ್ಧ ಪೆಟ್ಟಿಗೆ ಮುಲಾಮು, ಅರ್ಧ ಪೆಟ್ಟಿಗೆ ಎಣ್ಣೆ ತುಂಬಿಕೊಂಡು ಬೀದಿಯ ಸೊಂಟನೋವನ್ನೆಲ್ಲ ವಿಚಾರಿಸಿಕೊಳ್ಳುವ ಮನುಷ್ಯನಿಗೆ ಇಂಥ ಕಾರ್ಡ್ ಕೊಟ್ಟರೆ ಏನಾಗಬೇಕು? ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿ ಔಷಧದಂಗಡಿಯಾಯಿತು.

ಮೀನಾ ಅಬ್ದುಲ್ಲಾದ ಸೈಟಿಗೆ ಕಾಗದ ಮುಟ್ಟಿಸಲು ಹೋದರೆ ಅಲ್ಲಿನ ಗುತ್ತಿಗೆ ಕೆಲಸದ ಹುಡುಗರಿಗೆ ನೆಗಡಿ ಮಾತ್ರೆ. ಹವಲ್ಲಿಯ ನಮ್ಮ ಮನೆಗೆ ನನ್ನನ್ನು ಬಿಡಲು ಬಂದರೆ ಅತ್ತೆ ಅಪೊಲೋನಿಯಾರ ಮಂಡಿಗೆ ಮುಲಾಮು, ನನ್ನ ಕೂಸಿಗೆ ಗ್ರೈಪ್ ವಾಟರ್. ಪುಕ್ಕಟೆ ಕೊಡುವವರನ್ನು ಕಂಡರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮೊದಲ ಸಲ ಚೆನ್ನಾಗಿ ಗದರಿದ್ದೆ. ಅವರು ನನ್ನ ಮಾತಿಗೆಲ್ಲ ತಲೆಯಾಡಿಸಿ, ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟು ಹೋದರು. ಕೂಸು ರಾತ್ರಿಯಿಡೀ ಮಲಗಿತು. ಅತ್ತೆ ಮರುದಿನ ಡಬ್ಬಿ ತುಂಬ ಅಕ್ಕಿಯ ಸನ್ನ ಬೇಯಿಸಿ ಕಳಿಸಿದರು. ನನ್ನ ಸಿಟ್ಟಿಗೆ ಕವಡೆ ಕಿಮ್ಮತ್ತೂ ಸಿಗಲಿಲ್ಲ.

ಹೀಗಿರುವಾಗ ಡೋಲ್ಫಿ ಸರ್ ಮ್ಯಾನೇಜರಾಗಿ ಬಂದರು. ಬಂಟ್ವಾಳದವರು, ಮದುವೆಯಾಗದವರು, ಗೆರೆ ಎಳೆದ ಹಾಗೆ ನಡೆಯುವವರು. ಕೆಟ್ಟವರಲ್ಲ. ಮೊಯ್ದಿನಾಕರ ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ನವೀಕರಿಸುವ ಸಮಯ ಬಂದಾಗ ಕಾರ್ಡಿನ ಲೆಕ್ಕ ಅವರ ಕಣ್ಣಿಗೆ ಬಿತ್ತು. ನೆಗಡಿ ಮಾತ್ರೆ, ತುರಿಕೆ ಮಾತ್ರೆ ಎಲ್ಲ ನಿದ್ದೆ ಬರಿಸುವಂಥವು. ಇಷ್ಟೊಂದು ನುಂಗುವವನ ಕೈಗೆ ಸ್ಟಿಯರಿಂಗ್ ಕೊಡುವುದು ಹೇಗೆ, ಈ ಸಲ ಊರಿಗೆ ಕಳಿಸಿಬಿಡೋಣ ಎಂದರು.

ಮೊಯ್ದಿನಾಕರ ಕೊನೆಯ ಮಗಳು ಮುರ್ಶಿದಾಳ ಓದು ಇನ್ನೂ ಮುಗಿದಿರಲಿಲ್ಲ. ಕೆಳಗೆ ಪಾರ್ಕಿಂಗಿಗೆ ಓಡಿ, ಮದ್ದೆಲ್ಲ ಬೇರೆಯವರಿಗೆ ಎಂದು ನಿಜ ಹೇಳಿಬಿಡಿ ಅಂದೆ. ಅವರು ಗಾಜು ಒರೆಸುತ್ತಲೇ ಇದ್ದರು.

"ಹೇಳ್ಬಹುದು ಬಾಯಿ. ಆಮೇಲೆ ಕೆಳಗಿನ ಕೆಲಸದವರೆಲ್ಲ ಹೀಗೇ ಅಂತ ಎಲ್ಲರ ಕಾರ್ಡೇ ನಿಲ್ಲಿಸಿದ್ರೆ? ಚಾ ಮಾಡುವ ಸೈದು ಬೆನ್ನಿಗೆ ಮದ್ದಿನ ಪಟ್ಟಿ ಅಂಟಿಸದೆ ಎದ್ದು ನಿಲ್ಲುವುದಿಲ್ಲ. ನನ್ನಿಂದ ಅವನದ್ದು ಹೋಗುವುದು ಬೇಡ."

ಈ ಮನುಷ್ಯನ ಒಳ್ಳೆಯತನಕ್ಕೆ ಎರಡು ಬಾರಿಸಬೇಕು ಅನ್ನಿಸಿತು. ಅಷ್ಟೇ ಪ್ರೀತಿಯೂ ಉಕ್ಕಿತು.

ಮರುದಿನ ಡೋಲ್ಫಿ ಸರ್ ಅವರನ್ನು ಕೋಣೆಗೆ ಕರೆಸಿದರು. ಬರೆದುಕೊಳ್ಳಲು ನಾನೂ ಇದ್ದೆ. ಒಂದೊಂದೇ ಮದ್ದಿನ ಹೆಸರು ಓದಿ, ಇದು ಯಾರಿಗೆ ಎಂದು ಕೇಳಿದರು. ಮಂಡಿನೋವು ನನ್ನದೇ, ಹಲ್ಲುನೋವು ನನ್ನದೇ ಎಂದು ಮೊಯ್ದಿನಾಕ ಎಲ್ಲವನ್ನೂ ಮೈಮೇಲೆ ಹಾಕಿಕೊಂಡರು. ಗ್ರೈಪ್ ವಾಟರಿನ ಸರದಿ ಬಂತು.

"ನನಗೂ ಗ್ಯಾಸ್ ಆಗ್ತದೆ ಸರ್," ಅಂದರು ಗಂಭೀರವಾಗಿ.

ನಾನು ತುಟಿ ಕಚ್ಚಿ ಕುಳಿತೆ. ಡೋಲ್ಫಿ ಸರ್ ನಗಲಿಲ್ಲ. ಜೇನು-ನಿಂಬೆಯ ಕೆಮ್ಮಿನ ಗುಳಿಗೆ ವಾರವಾರವೂ ತೆಗೆದುಕೊಂಡದ್ದುಂಟು, ನೀವು ಕೆಮ್ಮಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲವಲ್ಲ ಎನ್ನುವಷ್ಟರಲ್ಲಿ ಅವರಿಗೇ ಕೆಮ್ಮು ಒತ್ತರಿಸಿ ಬಂತು. ಧೂಳುಗಾಳಿ ಶುರುವಾದಾಗಿನಿಂದ ಅವರಿಗೆ ಆ ಕೆಮ್ಮು. ಕೈ ತಾನಾಗಿ ಕಿಸೆಗೆ ಹೋಯಿತು. ಹೊರಬಂದದ್ದು ಹಳದಿ ಕಾಗದ ಸುತ್ತಿದ ಜೇನು-ನಿಂಬೆಯ ಗುಳಿಗೆ. ಕಾರಿನ ಡಬ್ಬಿಯಲ್ಲಿ ಕಂಪನಿಯವರೇ ಇಟ್ಟದ್ದೆಂದು ಅವರು ದಿನಾ ಎತ್ತಿಕೊಳ್ಳುತ್ತಿದ್ದರು.

ಅವರು ಗುಳಿಗೆಯನ್ನು ನೋಡಿದರು, ಕಂಪ್ಯೂಟರಿನ ಪರದೆಯನ್ನು ನೋಡಿದರು.

"ಕೆಮ್ಮೂ ನನ್ನದೇ ಸರ್," ಅಂದರು ಮೊಯ್ದಿನಾಕ ಮೆಲ್ಲಗೆ.

ಇನ್ನು ನನ್ನಿಂದ ಸುಮ್ಮನಿರಲಾಗಲಿಲ್ಲ. ಗ್ರೈಪ್ ವಾಟರ್ ನನ್ನ ಕೂಸಿನದು, ಮಂಡಿ ನನ್ನ ಅತ್ತೆಯದು, ಕಳಿಸುವುದಾದರೆ ನನ್ನನ್ನೂ ಕಳಿಸಿ ಎಂದು ಒಂದೇ ಉಸಿರಿಗೆ ಒದರಿಬಿಟ್ಟೆ. ಡೋಲ್ಫಿ ಸರ್ ನನ್ನ ಕಡೆ ತಿರುಗಲೇ ಇಲ್ಲ.

"ನಿದ್ದೆ ಬರುವ ಮಾತ್ರೆ ನೀವೆಷ್ಟು ನುಂಗಿದ್ದೀರಿ? ಸತ್ಯ ಹೇಳ್ಬೇಕು."

ಮೊಯ್ದಿನಾಕ ತಲೆ ತಗ್ಗಿಸಿದರು. "ಒಂದೂ ಇಲ್ಲ ಸರ್."

ಇಕಾಮಾ ಕಾಗದಕ್ಕೆ ಅಲ್ಲೇ ಸಹಿ ಬಿತ್ತು. ಸೈದುವಿನ ಕಾರ್ಡಿಗೂ ಏನೂ ಆಗಲಿಲ್ಲ. ಆದರೆ ಕಾನೂನು ಕಾನೂನೇ, ಇನ್ನು ಮೇಲೆ ನಿಮ್ಮ ಕಾರ್ಡಿನಲ್ಲಿ ನಿಮ್ಮ ಮದ್ದು ಮಾತ್ರ ಎಂದು ಡೋಲ್ಫಿ ಸರ್ ಕಟ್ಟಪ್ಪಣೆ ಮಾಡಿದರು. ಮೊಯ್ದಿನಾಕ ಮಾತು ಕೊಟ್ಟರು, ಕೊಟ್ಟ ಮಾತಿಗೆ ತಪ್ಪುವವರಲ್ಲ. ಡಬ್ಬಿ ಬರಿದಾಯಿತು.

ಮುಂದಿನ ವಾರ ಮೂವರೂ ಬ್ಯಾಂಕಿಗೆ ಹೊರಟಿದ್ದೆವು. ದಾರಿಯಲ್ಲಿ ಡೋಲ್ಫಿ ಸರ್ ಕೆಮ್ಮಿದರು. ಮೊಯ್ದಿನಾಕರ ಕೈ ರೂಢಿಯಂತೆ ಡಬ್ಬಿಯ ಕಡೆ ಹೋಗಿ, ಅರ್ಧದಲ್ಲೇ ಹಿಂದೆ ಬಂತು. ಕಾಯಿಲೆಯವರಂತೆ ಅವರು ನನಗೆ ಕಂಡದ್ದು ಅದೊಂದೇ ದಿನ.

ಸ್ವಲ್ಪ ಮುಂದೆ ಡೋಲ್ಫಿ ಸರ್ ಗಾಡಿ ನಿಲ್ಲಿಸಲು ಹೇಳಿ ಔಷಧದಂಗಡಿಗೆ ಹೋದರು. ಬರುವಾಗ ತಮ್ಮ ಕಾರ್ಡನ್ನು ಕಿಸೆಗೆ ಸೇರಿಸುತ್ತ ಒಂದು ದೊಡ್ಡ ಚೀಲ ತಂದು, "ನನ್ನದೇ ಮದ್ದು. ಗಾಡಿಯಲ್ಲಿ ಇರ್ಲಿ," ಎಂದು ಕಿಟಕಿಯಾಚೆ ನೋಡುತ್ತ ಕುಳಿತರು.

ನಾನು ಇಣುಕಿದೆ. ಕೆಮ್ಮಿನ ಗುಳಿಗೆ, ಮಂಡಿಯ ಮುಲಾಮು, ಎಲ್ಲದರ ಮೇಲೆ ಗ್ರೈಪ್ ವಾಟರಿನ ಬಾಟಲಿ.

ಮೊಯ್ದಿನಾಕ ಗೇರ್ ಹಾಕುತ್ತ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಸರ್‌ಗೂ ಗ್ಯಾಸ್ ಆಗ್ತದೆ ಬಾಯಿ," ಅಂದರು.